‘ಕಾಣಲಿಲ್ಲ’ ಎಂಬುದೂ ‘ಇಲ್ಲ’ ಎಂಬುದೂ

ಕನ್ನಡ ಪಾಠ ಹೇಳುವವನಿಗೆ ವೈದ್ಯದ ವಿಷಯದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ವೈದ್ಯನಲ್ಲ; ದೇಹಶಾಸ್ತ್ರವನ್ನು ಕ್ರಮವಾಗಿ ಓದಿದವನೂ ಅಲ್ಲ. ಆದರೆ ನನ್ನಿಂದ ಒಂದು ತಪ್ಪು ನಡೆದಿದೆ. ಅದು ವೈದ್ಯದ ತಪ್ಪಲ್ಲ, ಭಾಷೆಯ ತಪ್ಪು. ದಿನ ಬೆಳಗಾದರೆ ವ್ಯಾಕರಣ ಬೋಧಿಸುವ ನಾನು ‘ಕಾಣಲಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಇರುವ ಅಂತರವನ್ನು ಒಮ್ಮೆ ಮರೆತೆ. ಇಂಥ ಮರೆವು ನನ್ನೊಬ್ಬನದಲ್ಲ, ಇಂದು ಊರೂರಿನಲ್ಲಿಯೂ ನಡೆಯುತ್ತಿದೆ ಎಂದು ತೋರಿದುದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ನನ್ನ ಸೋದರಮಾವಂದಿರ ಊರು ಸಾಸ್ವೆಹಳ್ಳಿ. ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿಯ ಊರು ಅದು. 1997 ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಆ ವರ್ಷ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಯ ಪಾಲಾಯಿತು. ಆದರೆ ಕಾಯಿಲೆಯವರು ಜಿಲ್ಲೆಯ ಗಡಿ ನೋಡಿ ಹೊರಡುವುದಿಲ್ಲ. ಅನುಕೂಲ ಕಂಡಂತೆ ಶಿವಮೊಗ್ಗೆಗೋ ದಾವಣಗೆರೆಗೋ ಹೋಗುವುದು ಅಲ್ಲಿಯವರ ವಾಡಿಕೆ. 2022 ರ ಬೇಸಗೆಯಲ್ಲಿ ನನ್ನ ಮಾವನೂ ಹಾಗೆಯೇ ಪೇಟೆಗೆ ಹೊರಟ. ಅರವತ್ತಕ್ಕೆ ಇನ್ನೆರಡು ವರ್ಷ ಬಾಕಿಯಿದ್ದ ಒಕ್ಕಲಿಗ. ಗದ್ದೆಯ ಬದುವಿನ ಮೇಲೆ ಯಾರಿಗೂ ಹಿಂದೆ ಬೀಳದೆ ನಡೆಯುತ್ತಿದ್ದವನು. ಅಂಥವನು ಕೆಲವು ತಿಂಗಳಿಂದ ಬೇಗ ಆಯಾಸಗೊಳ್ಳತೊಡಗಿದ್ದ. ಮುಖ ಬಿಳಿಚಿತ್ತು; ಹೊಟ್ಟೆಯ ಬಲಭಾಗದಲ್ಲಿ ಆಗಾಗ ಹಿಂಡಿದಂತಾಗುತ್ತಿತ್ತು. ರಕ್ತ ಪರೀಕ್ಷಿಸಿದಾಗ ರಕ್ತ ಕಡಿಮೆಯಾಗಿದೆ ಎಂದರು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಒಂದು ಅಲ್ಟ್ರಾಸೌಂಡ್ ಆಯಿತು. ಮನೆಯವರ ಸಮಾಧಾನಕ್ಕೆಂಬಂತೆ ಒಂದು ಸಿ.ಟಿ. ಸ್ಕ್ಯಾನೂ ಆಯಿತು.

ಸ್ಕ್ಯಾನಿನ ವರದಿ ಇಂಗ್ಲಿಷಿನಲ್ಲಿತ್ತು. ಓದಿಸಿಕೊಳ್ಳಲು ಮಾವ ಅದನ್ನು ನನ್ನಲ್ಲಿಗೆ ತಂದ. ಎರಡು ಪುಟದ ಬರಹ. ಯಕೃತ್ತು, ಪಿತ್ತಕೋಶ, ಮೂತ್ರಪಿಂಡಗಳ ಅಳತೆಗಳೆಲ್ಲ ಇದ್ದುವು. ಕೊನೆಯಲ್ಲಿದ್ದುದು ಎರಡೇ ವಾಕ್ಯ. ಗಮನಾರ್ಹವಾದ ಅಸಹಜತೆ ಯಾವುದೂ ಕಂಡುಬಂದಿಲ್ಲ ಎಂಬುದು ಮೊದಲನೆಯದು. ರೋಗಿಯ ಲಕ್ಷಣಗಳೊಡನೆ ಹೋಲಿಸಿ ನೋಡತಕ್ಕದ್ದು ಎಂಬುದು ಎರಡನೆಯದು. ಇವೆರಡನ್ನೂ ನಾನು ಮೂರು ಪದಗಳಲ್ಲಿ ಕನ್ನಡಿಸಿದೆ: “ಏನೂ ಇಲ್ಲವಂತೆ, ಮಾವ.”

ಅವನ ಮುಖ ಅರಳಿತು. ಆ ವರದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಮೀನಿನ ಪಹಣಿ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿ ಇರಿಸಿದ. ಮುಂದೆ ಹೊಟ್ಟೆ ನೊಂದಾಗಲೆಲ್ಲ ಅತ್ತೆ ಆಸ್ಪತ್ರೆಯ ಮಾತೆತ್ತಿದರೆ, “ಸ್ಕ್ಯಾನಿನಲ್ಲೇ ಏನೂ ಇಲ್ಲ ಅಂದಿದ್ದಾರೆ, ಮತ್ತೆ ಯಾಕೆ ದುಡ್ಡು ಸುರಿಯುವುದು?” ಎಂದು ಬಾಯಿ ಮುಚ್ಚಿಸುತ್ತಿದ್ದನಂತೆ. ಹದಿನಾಲ್ಕು ತಿಂಗಳು ಹೀಗೆ ಕಳೆಯಿತು. ಒಂದು ರಾತ್ರಿ ಹೊಟ್ಟೆ ಉಬ್ಬಿ, ವಾಂತಿಯಾಗಿ, ಕರುಳು ಕಟ್ಟಿಕೊಂಡ ಸ್ಥಿತಿಯಲ್ಲಿ ಅವನನ್ನು ಬೇರೊಂದು ಆಸ್ಪತ್ರೆಗೆ ಒಯ್ದರು. ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರು ಬೆಳೆದಿತ್ತು, ಯಕೃತ್ತಿಗೂ ಹಬ್ಬಿತ್ತು. ಶಸ್ತ್ರಚಿಕಿತ್ಸಕರು ಹಳೆಯ ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಈಗ ಗೊತ್ತಿದ್ದು ನೋಡಿದರೆ ಈ ಗೋಡೆ ಸ್ವಲ್ಪ ದಪ್ಪವಾಗಿರುವಂತೆ ಕಾಣುತ್ತದೆ. ಗೊತ್ತಿಲ್ಲದೆ ನೋಡಿದ್ದರೆ ನನಗೂ ಕಾಣುತ್ತಿತ್ತೆಂದು ಹೇಳಲಾರೆ,” ಎಂದರು. ಅವರ ಆ ಪ್ರಾಮಾಣಿಕತೆಗೆ ನಾನು ಋಣಿ. ಮಾವ 2024 ರಲ್ಲಿ ತೀರಿಕೊಂಡ.

ಇಂಥ ಪ್ರಸಂಗಗಳಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರೇ ಉಂಟೆಂದು ನಾನು ಆಮೇಲೆ ತಿಳಿದೆ. ಪರೀಕ್ಷೆ ಮಾಡಿ ‘ಕ್ಯಾನ್ಸರ್ ಇಲ್ಲ’ ಎಂದು ಕಳುಹಿಸಿದ ಮೇಲೆ, ಕೆಲವು ಕಾಲಾನಂತರ ಅದೇ ಕರುಳಿನಲ್ಲಿ ಪತ್ತೆಯಾಗುವ ಕ್ಯಾನ್ಸರನ್ನು ‘ಪರೀಕ್ಷಾನಂತರದ ಕ್ಯಾನ್ಸರ್’ ಎಂದು ಪ್ರತ್ಯೇಕ ವರ್ಗವಾಗಿ ಎಣಿಸುತ್ತಾರೆ. ದರ್ಶಕನಳಿಗೆಯನ್ನು ಒಳಗೆ ಕಳುಹಿಸಿ ನೋಡುವ ಕೊಲೊನಾಸ್ಕೊಪಿಯ ಅನಂತರ ಬಂದವು ಒಂದು ಬಗೆ. ಚಿತ್ರ ತೆಗೆದು ನೋಡಿದ ಅನಂತರ ಬಂದವು ಇನ್ನೊಂದು ಬಗೆ. ವಿಶ್ವ ಎಂಡೋಸ್ಕೊಪಿ ಸಂಸ್ಥೆಯ ತಜ್ಞರು 2018 ರಲ್ಲಿ ಇವುಗಳ ಲಕ್ಷಣವನ್ನೂ, ಇವನ್ನು ಎಣಿಸತಕ್ಕ ಕ್ರಮವನ್ನೂ ನಿರೂಪಿಸಿದ್ದಾರೆ.

ಇದರ ಹಿಂದಿನ ತರ್ಕ ಸರಳವಾದುದು. ದೊಡ್ಡ ಕರುಳಿನ ಕ್ಯಾನ್ಸರು ಸಾಮಾನ್ಯವಾಗಿ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಕರುಳಿನ ಒಳಗೋಡೆಯಲ್ಲಿ ಮೊದಲು ಪಾಲಿಪ್ ಎಂಬ ಸಣ್ಣ ಮೊಳಕೆ ಏಳುತ್ತದೆ. ಅದು ಬೆಳೆದು ಕೇಡಿಗೆ ತಿರುಗಲು ಬಹುಮಟ್ಟಿಗೆ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆಂದು ಲೆಕ್ಕ. ಹಾಗಾದರೆ ಇಂದು ‘ಏನೂ ಇಲ್ಲ’ವೆಂದ ಕರುಳಿನಲ್ಲಿ ಎರಡು ಮೂರು ವರ್ಷದೊಳಗೆ ಕ್ಯಾನ್ಸರು ಕಾಣಿಸಿದರೆ, ಅದು ಅಂದೂ ಯಾವುದೋ ರೂಪದಲ್ಲಿ ಅಲ್ಲಿಯೇ ಇದ್ದಿರಬೇಕಲ್ಲವೇ? ಬೇಗ ಬೆಳೆಯುವ ಜಾತಿಯ ಗಂತಿಗಳೂ ಕೆಲವುಂಟು. ಕತ್ತರಿಸಿ ತೆಗೆದ ಪಾಲಿಪ್ಪಿನ ಬೇರು ಉಳಿದು ಮತ್ತೆ ಚಿಗುರುವುದೂ ಉಂಟು. ಆದರೆ ಇವುಗಳಲ್ಲಿ ಹೆಚ್ಚಿನವು, ಇದ್ದೂ ಕಾಣದೆ ಹೋದವು.

ಕಾಣಿಸುವ ಸಾಧನಗಳು ಸುಧಾರಿಸುತ್ತಲೇ ಬಂದಿವೆ. ರಾಂಟ್ಗನ್ ಮಹಾಶಯನು ಕ್ಷ-ಕಿರಣವನ್ನು ಕಂಡುಹಿಡಿದುದು 1895 ರಲ್ಲಿ. ಕ್ಷ-ಕಿರಣಕ್ಕೆ ಕರುಳು ಸರಿಯಾಗಿ ಕಾಣದಾದ್ದರಿಂದ ಅದರೊಳಗೆ ಬೇರಿಯಂ ದ್ರವವನ್ನೂ ಗಾಳಿಯನ್ನೂ ತುಂಬಿ ಚಿತ್ರ ತೆಗೆಯುವ ಕ್ರಮ 1920 ರ ದಶಕದಲ್ಲಿ ರೂಢಿಗೆ ಬಂತು. ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ಚಿತ್ರ ತೆಗೆದುದು 1971 ರಲ್ಲಿ. ಅದೇ ಯಂತ್ರದಿಂದ, ಕರುಳನ್ನು ಶುದ್ಧಿಮಾಡಿ ಗಾಳಿ ತುಂಬಿ, ಅದರೊಳಗೆ ನಡೆದುಹೋದಂತೆ ನೋಡುವ ಸಿ.ಟಿ. ಕೊಲೊನೋಗ್ರಫಿ 1994 ರಲ್ಲಿ ಬಂತು. ಒಂದೊಂದೂ ಹಿಂದಿನದಕ್ಕಿಂತ ಮೇಲು. ಆದರೂ ಯಾವುದೂ ಪೂರ್ಣವಲ್ಲ. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ನಡೆದು 2013 ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬೇರಿಯಂ ಪರೀಕ್ಷೆಗೆ ಒಳಗಾದವರಲ್ಲಿದ್ದ 85 ಕ್ಯಾನ್ಸರುಗಳಲ್ಲಿ 12 ಕಣ್ತಪ್ಪಿದುವು, ಸಿ.ಟಿ. ಕೊಲೊನೋಗ್ರಫಿಗೆ ಒಳಗಾದವರ 45 ರಲ್ಲಿ 3 ಕಣ್ತಪ್ಪಿದುವು. ಅನಂತರ 2018 ರಲ್ಲಿ ಬಂದ ಒಂದು ಸಮೀಕ್ಷೆಯು, ಈ ಸಿ.ಟಿ. ವಿಧಾನದಲ್ಲಿ ಪತ್ತೆಯಾಗುವ ಪ್ರತಿ 100 ಕ್ಯಾನ್ಸರಿಗೆ ಸುಮಾರು 4 ರಂತೆ ತಪ್ಪಿ ಆಮೇಲೆ ಕಾಣಿಸಿಕೊಳ್ಳುತ್ತವೆಂದು ಲೆಕ್ಕ ಹಾಕಿತು. ಅತ್ಯುತ್ತಮವೆಂದು ಎಣಿಸಲ್ಪಟ್ಟ ಕೊಲೊನಾಸ್ಕೊಪಿಯೂ ಇದಕ್ಕೆ ಹೊರತಲ್ಲ. ಒಬ್ಬನೇ ರೋಗಿಗೆ ಒಂದರ ಹಿಂದೆ ಒಂದರಂತೆ ಎರಡು ಸಲ ಮಾಡಿ ನೋಡಿದ ಅಧ್ಯಯನಗಳಲ್ಲಿ, ಐದರಲ್ಲೊಂದಕ್ಕಿಂತ ಹೆಚ್ಚು ಪಾಲಿಪ್ಪುಗಳು ಮೊದಲ ನೋಟಕ್ಕೆ ಸಿಕ್ಕಿರಲಿಲ್ಲ. ಅವುಗಳಲ್ಲಿ ಬಹುಪಾಲು ತೀರ ಚಿಕ್ಕವು, ಒಂದು ಸೆಂಟಿಮೀಟರಿಗೆ ಮೀರಿದವು ತಪ್ಪಿದ್ದು 100 ಕ್ಕೆ ಎರಡರಷ್ಟೇ ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ಯಂತ್ರಗಳಿದ್ದೂ ಏಕೆ ತಪ್ಪುತ್ತದೆ? ಕರುಳು ಶುದ್ಧವಾಗಿಲ್ಲದಿದ್ದರೆ ಮಲದ ಮರೆಯಲ್ಲಿ ಗಂತಿ ಅಡಗುತ್ತದೆ. ಮಡಿಕೆಯ ಹಿಂಬದಿಯಲ್ಲಿರುವುದು ಮುಂಬದಿಯಿಂದ ಕಾಣದು. ಬಲಭಾಗದ ಕೆಲವು ಪಾಲಿಪ್ಪುಗಳು ಅಣಬೆಯಂತೆ ಎದ್ದು ನಿಲ್ಲದೆ ಗೋಡೆಗೆ ಅಂಟಿದ ಹಾವಸೆಯಂತೆ ಹರಡಿರುತ್ತವೆ. ಇವು ವಸ್ತುವಿನ ಕಡೆಯ ಕಾರಣಗಳು. ನೋಡುವವನ ಕಡೆಯ ಕಾರಣವೂ ಒಂದುಂಟು. ನನಗೆ ಅದೇ ಹೆಚ್ಚು ವಿಚಾರಾರ್ಹವೆಂದು ತೋರುತ್ತದೆ.

ಅಚ್ಚಿನ ಕರಡು ತಿದ್ದಿದವರೆಲ್ಲರಿಗೂ ಈ ಅನುಭವವಿರಬೇಕು. ತನ್ನದೇ ಬರಹದ ಕರಡನ್ನು ಮೂರು ಸಲ ಓದಿ, ತಪ್ಪಿಲ್ಲವೆಂದು ಸಹಿ ಹಾಕಿ ಕಳುಹಿಸಿದ ಮೇಲೆ, ಪುಸ್ತಕ ಕೈಗೆ ಬಂದ ದಿನ ಮೊದಲು ಬಿಚ್ಚಿದ ಪುಟದಲ್ಲಿಯೇ ಆನೆಯಂಥ ತಪ್ಪು ನಗುತ್ತ ನಿಂತಿರುತ್ತದೆ. ಕಣ್ಣು ಅಲ್ಲಿರುವ ಅಕ್ಷರವನ್ನು ಓದುವುದಿಲ್ಲ. ಇರಬೇಕಾದ ಅಕ್ಷರವನ್ನು ಓದಿಕೊಂಡು ಮುಂದೆ ಸಾಗುತ್ತದೆ. ಒಂದು ತಪ್ಪು ಸಿಕ್ಕಿದೊಡನೆ ತೃಪ್ತವಾಗಿ, ಪಕ್ಕದ ತಪ್ಪನ್ನು ಬಿಟ್ಟುಬಿಡುವುದೂ ಕಣ್ಣಿನ ಗುಣವೇ. ಎದೆಯ ಚಿತ್ರ ಓದುವ ನುರಿತ 24 ಮಂದಿ ತಜ್ಞರ ಮೇಲೆ ನಡೆಸಿ 2013 ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಮಾತಿಗೆ ನಿದರ್ಶನ. ಶ್ವಾಸಕೋಶದಲ್ಲಿ ಸಣ್ಣ ಗಂಟುಗಳನ್ನು ಹುಡುಕುವಂತೆ ಅವರಿಗೆ ಹೇಳಿ, ಚಿತ್ರದೊಳಗೆ ಒಂದು ಗೊರಿಲ್ಲಾದ ಆಕೃತಿಯನ್ನು ಸೇರಿಸಿಟ್ಟಿದ್ದರು. ಅದು ಹುಡುಕಬೇಕಾದ ಗಂಟಿಗಿಂತ 48 ಪಾಲು ದೊಡ್ಡದು. ಆದರೂ 20 ಮಂದಿಗೆ ಅದು ಕಾಣಲಿಲ್ಲ! ಕಾಣದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ದೃಷ್ಟಿ ನೇರವಾಗಿ ಅದರ ಮೇಲೆಯೇ ಹರಿದಿತ್ತೆಂದು, ಕಣ್ಣಿನ ಚಲನೆಯನ್ನು ಅಳೆಯುವ ಉಪಕರಣ ತೋರಿಸಿತು. ಅವರು ಅಸಡ್ಡೆಯವರಲ್ಲ, ಗಂಟನ್ನು ಹುಡುಕುತ್ತಿದ್ದರು, ಗೊರಿಲ್ಲವನ್ನಲ್ಲ.

ನಮ್ಮ ದರ್ಶನಕಾರರು ಈ ಸಮಸ್ಯೆಯನ್ನು ಬೇರೊಂದು ಬಾಗಿಲಿನಿಂದ ಹೊಕ್ಕು ವಿಚಾರಿಸಿದ್ದಾರೆ. ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅವರನ್ನನುಸರಿಸಿದ ಅದ್ವೈತಿಗಳೂ ಇದಕ್ಕಾಗಿ ‘ಅನುಪಲಬ್ಧಿ’ ಎಂಬ ಬೇರೆ ಪ್ರಮಾಣವನ್ನೇ ಒಪ್ಪಿದರು. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು ಎಂದು ಅದರ ಅರ್ಥ. ಆದರೆ ಅವರು ಅದಕ್ಕೊಂದು ನಿಬಂಧನೆ ಹಾಕಿದರು. ಬರಿಯ ಕಾಣದಿರುವಿಕೆ ಸಾಲದು, ಅದು ‘ಯೋಗ್ಯಾನುಪಲಬ್ಧಿ’ಯಾಗಿರಬೇಕು. ಎಂದರೆ, ಆ ವಸ್ತು ಅಲ್ಲಿದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎನ್ನುವಂಥ ಸನ್ನಿವೇಶದಲ್ಲಿ ಕಾಣದಿರಬೇಕು. ಹಗಲಿನ ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ? ಗಡಿಗೆಯ ವಿಷಯವಾಗಿ ನಮಗೇನೂ ತಿಳಿದಂತಾಗಲಿಲ್ಲ. ಕೋಣೆ ಕತ್ತಲೆಯಾಗಿದೆ ಎಂಬುದಷ್ಟೇ ತಿಳಿಯಿತು. ಈ ಪಾಠವನ್ನು ಎಂ.ಎ. ತರಗತಿಯ ದಿನಗಳಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಗಳಿಸಿದ್ದೆ. ಮಾವನ ವರದಿಯ ಮುಂದೆ ಕುಳಿತಾಗ ಅದು ನೆನಪಿಗೆ ಬರಲಿಲ್ಲ.

ಅಲ್ಟ್ರಾಸೌಂಡೆಂಬುದು ಯಕೃತ್ತನ್ನೂ ಪಿತ್ತಕೋಶದ ಕಲ್ಲನ್ನೂ ಚೆನ್ನಾಗಿ ತೋರಿಸುತ್ತದೆ. ಗಾಳಿ ತುಂಬಿದ ಕರುಳಿನೊಳಗೆ ಅದರ ಧ್ವನಿತರಂಗ ನುಗ್ಗದು. ಆದುದರಿಂದ ಕರುಳಿನ ಮಟ್ಟಿಗೆ ಅದು ಕತ್ತಲೆಯ ಕೋಣೆಯೇ ಸರಿ. ಕರುಳನ್ನು ಶುದ್ಧಿಮಾಡದೆ, ಗಾಳಿ ತುಂಬದೆ ತೆಗೆದ ಸಾಮಾನ್ಯ ಸಿ.ಟಿ. ಸ್ಕ್ಯಾನು ಮಬ್ಬು ಬೆಳಕಿನ ಕೋಣೆ. ಮಾವನಿಗೆ ಆಗಿದ್ದುದು ಇವೆರಡೇ. ಆದರೆ ನಮ್ಮ ಜನದ ಬಾಯಲ್ಲಿ ಎಲ್ಲವೂ ಒಂದೇ: ‘ಸ್ಕ್ಯಾನಿಂಗ್ ಆಯಿತು, ಏನೂ ಇಲ್ಲ.’ ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಸ್ಕ್ಯಾನಿಂಗ್ ಫಲಕಗಳು ಕಣ್ಣಿಗೆ ಬೀಳುತ್ತವೆ. ಯಂತ್ರ ಹತ್ತಿರ ಬಂದುದು ಸಂತೋಷವೇ. ಯಂತ್ರದ ಮಾತಿನ ಅರ್ಥ ಇನ್ನೂ ಹತ್ತಿರ ಬಂದಿಲ್ಲ.

ಇನ್ನೊಂದು ಮಾತು. ಪಶ್ಚಿಮ ದೇಶಗಳಿಗೆ ಹೋಲಿಸಿದರೆ ದೊಡ್ಡ ಕರುಳಿನ ಕ್ಯಾನ್ಸರು ನಮ್ಮಲ್ಲಿ ವಿರಳ. ಆದರೆ ಬಂದವರಲ್ಲಿ ಎಳೆಯ ವಯಸ್ಸಿನವರ ಪಾಲು ನಮ್ಮಲ್ಲಿ ಹೆಚ್ಚು. ಗುದನಾಳದ ಗಂತಿಗಳೂ ಹೆಚ್ಚು. ತಡವಾಗಿ ಬರುವವರೂ ಹೆಚ್ಚು. ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ’ ಎಂಬ ಹೆಸರು ಮನೆಯಲ್ಲಿಯೇ ಸಿದ್ಧವಾಗಿರುತ್ತದೆ. ಗೋಡೆಗಳ ಮೇಲಿನ ಜಾಹೀರಾತುಗಳು ಅದನ್ನು ದೃಢಪಡಿಸುತ್ತವೆ. ಗುದನಾಳದ ಕೆಳಭಾಗದ ಗಂತಿಯನ್ನು ವೈದ್ಯರು ಕೈಗವಸು ತೊಟ್ಟು ಬೆರಳಿನಿಂದಲೇ ಮುಟ್ಟಿ ತಿಳಿಯಬಲ್ಲರು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ರೋಗಿಗೆ ನಾಚಿಕೆ, ಕೆಲವೆಡೆ ವೈದ್ಯರಿಗೆ ಅವಸರ. ಆ ಬೆರಳಿನ ಪರೀಕ್ಷೆ ತಪ್ಪಿ ಸ್ಕ್ಯಾನಿನ ಚೀಟಿ ಮುಂದಾಗುತ್ತದೆ. ಮೂವತ್ತು ದಾಟಿದವರಿಗಾಗಿ ಸರ್ಕಾರ ನಡೆಸುವ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠಗಳು ಸೇರಿವೆ; ಕರುಳು ಸೇರಿಲ್ಲ. ರೋಗ ವಿರಳವಾದ ದೇಶದಲ್ಲಿ ಅದಕ್ಕೆ ಕಾರಣವೂ ಇರಬಹುದು. ಆದರೆ ಇದರ ಫಲವೇನೆಂದರೆ, ನಮ್ಮಲ್ಲಿ ಕರುಳಿನ ಕ್ಯಾನ್ಸರನ್ನು ಹಿಡಿಯತಕ್ಕ ಬಲೆ ಒಂದೇ: ರೋಗಿಯು ಹೇಳುವ ಲಕ್ಷಣ. ಆ ಲಕ್ಷಣವನ್ನು ಒಂದು ಅರೆಬೆಳಕಿನ ವರದಿ ಮೌನಗೊಳಿಸಿದರೆ ಇದ್ದ ಬಲೆಯೂ ಹರಿದಂತೆ.

ಹಾಗಾದರೆ ಮಾಡತಕ್ಕದ್ದೇನು? ಪರೀಕ್ಷಕನ ಕೈಯಿಂದ ಪರೀಕ್ಷಾರ್ಥಿಗೆ ಅನ್ಯಾಯವಾಗಬಹುದೆಂದು ನಮ್ಮ ವಿದ್ಯಾ ಇಲಾಖೆ ಬಹು ಹಿಂದೆಯೇ ಒಪ್ಪಿಕೊಂಡಿದೆ. ವಿದ್ಯಾರ್ಥಿಯು ತನ್ನ ಉತ್ತರಪತ್ರಿಕೆಯ ಪ್ರತಿಯನ್ನು ಪಡೆಯಬಹುದು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ನಾನು ಪ್ರತಿವರ್ಷ ಮೌಲ್ಯಮಾಪನಕ್ಕೆ ಹೋಗುವವನು. ಇದರಿಂದ ನನ್ನ ಗೌರವಕ್ಕೆ ಕುಂದು ಬಂತೆಂದು ಎಂದೂ ಅನ್ನಿಸಿಲ್ಲ. ಯೂರೋಪಿನ ಹಲವು ದೇಶಗಳಲ್ಲಿ ಸ್ತನ ತಪಾಸಣೆಯ ಕ್ಷ-ಕಿರಣ ಚಿತ್ರಗಳನ್ನು ಇಬ್ಬರು ಬೇರೆಬೇರೆಯಾಗಿ ಓದುವ ಪದ್ಧತಿಯಿದೆ. ಇಂಗ್ಲೆಂಡಿನಲ್ಲಿ ರಾಷ್ಟ್ರದ ಕ್ಯಾನ್ಸರ್ ದಾಖಲೆಗಳನ್ನೂ ಆಸ್ಪತ್ರೆಗಳ ದಾಖಲೆಗಳನ್ನೂ ಜೋಡಿಸಿ, ಕೊಲೊನಾಸ್ಕೊಪಿಯಾದ ಮೂರು ವರ್ಷದೊಳಗೆ ಪತ್ತೆಯಾದ ಕ್ಯಾನ್ಸರುಗಳ ಪ್ರಮಾಣವನ್ನು ಎಣಿಸಿದರು. 2005 ರಲ್ಲಿ 100 ಕ್ಕೆ 9 ರಷ್ಟಿದ್ದ ಅದು 2013 ರ ವೇಳೆಗೆ 6.5 ಕ್ಕೆ ಇಳಿದಿತ್ತು. ಆಸ್ಪತ್ರೆ ಆಸ್ಪತ್ರೆಗೂ ವ್ಯತ್ಯಾಸವಿದ್ದುದೂ ಕಂಡುಬಂತು. ಕಂಡುಬಂದುದರಿಂದಲೇ ತಿದ್ದಿಕೊಳ್ಳುವ ದಾರಿಯೂ ತೆರೆಯಿತು. ತಪ್ಪನ್ನು ಎಣಿಸುವುದು ದಂಡಿಸುವುದಕ್ಕಲ್ಲ. ಎಣಿಸದ ತಪ್ಪು ತಿದ್ದಿಕೊಳ್ಳುವುದಿಲ್ಲ ಎಂಬುದಕ್ಕೆ.

ನಮ್ಮಲ್ಲಿಯೂ ಇದಕ್ಕೆ ಬುನಾದಿಯಿದೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 1981 ರಲ್ಲಿ ಆರಂಭಿಸಿದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಮೊದಲ ಮೂರು ನಗರಗಳಲ್ಲಿ ಬೆಂಗಳೂರೂ ಒಂದು. ಅಲ್ಲಿಯ ಕಿದ್ವಾಯಿ ಸಂಸ್ಥೆ ಆ ಹೊಣೆಯನ್ನು ಹೊತ್ತುಕೊಂಡು ಬಂದಿದೆ. ಕ್ಯಾನ್ಸರೆಂದು ಬರೆದುಕೊಳ್ಳುವಾಗ, ‘ಹಿಂದಿನ ಮೂರು ವರ್ಷಗಳಲ್ಲಿ ಇವರಿಗೆ ಯಾವ ಪರೀಕ್ಷೆಯಾಗಿತ್ತು, ಅದರಲ್ಲಿ ಏನೆಂದಿದ್ದರು?’ ಎಂಬ ಒಂದು ಪ್ರಶ್ನೆಯನ್ನು ಎಲ್ಲೆಡೆಯೂ ಕೇಳಿ ಎಣಿಸತೊಡಗಿದರೆ, ಸಾಸ್ವೆಹಳ್ಳಿಯ ಒಕ್ಕಲಿಗನ ಹಳೆಯ ವರದಿಯೂ ಯಾರಿಗೋ ಪಾಠವಾಗುತ್ತದೆ.

ಇದನ್ನೋದಿ ಯಾರೂ ಸ್ಕ್ಯಾನುಗಳನ್ನು ಹಳಿಯಬಾರದು. ಎಲ್ಲ ಪರೀಕ್ಷೆಗಳನ್ನೂ ಮಾಡಿಸಿಬಿಡುತ್ತೇನೆಂದು ಹೊರಡಲೂಬಾರದು. ಸಿ.ಟಿ.ಯಲ್ಲಿ ವಿಕಿರಣವುಂಟು, ಕೊಲೊನಾಸ್ಕೊಪಿಯಲ್ಲಿ ಅಪರೂಪವಾಗಿಯಾದರೂ ಕರುಳಿಗೆ ಗಾಯವಾಗುವ ಭಯವುಂಟು. ನೂರು ಮಂದಿಗೆ ‘ಏನೂ ಕಾಣಲಿಲ್ಲ’ ಎಂದರೆ ಅವರಲ್ಲಿ ಬಹುಪಾಲಿನವರಿಗೆ ನಿಜವಾಗಿಯೂ ಏನೂ ಇರುವುದಿಲ್ಲ. ನಾನು ಬೇಡುವುದು ಇಷ್ಟೇ: ವರದಿಯನ್ನು ಶಾಶ್ವತ ಶಾಸನವೆಂದು ತಿಳಿಯದೆ, ತೇದಿಯುಳ್ಳ ಒಂದು ವಾಕ್ಯವೆಂದು ಓದಬೇಕು. ಇದು ಯಾವ ಪರೀಕ್ಷೆ, ಇದು ಕರುಳನ್ನು ನೋಡತಕ್ಕದ್ದೇ, ಕರುಳು ಪೂರ್ತಿಯಾಗಿ, ಶುದ್ಧವಾಗಿ ಕಂಡಿತೇ, ತೊಂದರೆ ಹೀಗೆಯೇ ಮುಂದುವರಿದರೆ ಎಷ್ಟು ದಿನದೊಳಗೆ ಮರಳಿ ಬರಬೇಕು ಎಂದು ವೈದ್ಯರನ್ನು ಕೇಳಬೇಕು. ಮಲದಲ್ಲಿ ರಕ್ತ, ಮಲವಿಸರ್ಜನೆಯ ರೂಢಿಯಲ್ಲಿ ನಿಲ್ಲದ ವ್ಯತ್ಯಾಸ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು ಇವು ವರದಿ ಬಂದ ಮೇಲೂ ಉಳಿದಿದ್ದರೆ, ದೇಹವು ವರದಿಯನ್ನು ಒಪ್ಪಿಲ್ಲವೆಂದು ಅರ್ಥ. ಅಂಥಲ್ಲಿ ದೇಹದ ಮಾತನ್ನೇ ಪ್ರಮಾಣವೆಂದು ಹಿಡಿದು ಮತ್ತೆ ಹೋಗಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಪ್ರತ್ಯಕ್ಷ ಕಾಣದಿದ್ದುದಕ್ಕೂ ಅದು ಸಲ್ಲಬೇಕು.

ಕಳೆದ ಬಾರಿ ಸಾಸ್ವೆಹಳ್ಳಿಗೆ ಹೋಗಿದ್ದಾಗ ಪಹಣಿ ಹುಡುಕಲೆಂದು ಅತ್ತೆ ಪೆಟ್ಟಿಗೆ ತೆಗೆದಳು. ಪ್ಲಾಸ್ಟಿಕ್ ಚೀಲದೊಳಗೆ ಆ ವರದಿ ಹಾಗೆಯೇ ಇತ್ತು. “ಇದನ್ನು ಇಟ್ಟುಕೊಳ್ಳಬೇಕೋ ಬಿಸಾಡಬೇಕೋ, ನೀನೇ ಓದಿ ಹೇಳು,” ಎಂದಳು. ನಾನು ಕೊನೆಯ ಎರಡು ವಾಕ್ಯಗಳನ್ನು ಈ ಸಲ ಪದಕ್ಕೆ ಪದವಿಟ್ಟು ಕನ್ನಡದಲ್ಲಿ ಓದಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಲಿಸಿ ನೋಡಬೇಕು ಅಂತ ಅವತ್ತೂ ಬರೆದಿತ್ತೇ?” ಎಂದು ಕೇಳಿದಳು.

ಬರೆದಿತ್ತು ಎಂದೆ.